ಅಂತರಗಂಗೆ ಕಿತ್ತರೂ ಮತ್ತೆ ಯಾಕೆ ಬರುತ್ತೆ?

ಮತ್ತೆ ಅದೇ ಪ್ರಶ್ನೆ. "ಸರ್, ನಮ್ಮ ಏರಿಯಾ ಕೆರೆಗೆ ಜೆಸಿಬಿ ತಂದು ಅಂತರಗಂಗೆ (ನೀರಿನ ಮೇಲೆ ತೇಲುತ್ತಾ ಹಬ್ಬುವ ಕಳೆ) ಎಲ್ಲ ತೆಗೆಸಿದರು. ಎರಡೇ ತಿಂಗಳು, ಮತ್ತೆ ನೀರೇ ಕಾಣಲ್ಲ. ಯಾಕೆ?" ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಈ ಸಲ ದಯವಿಟ್ಟು ಕೊನೆವರೆಗೂ ಓದಿ.

ಕಾರಣ ರಂಜಕ, ಅಂದರೆ ಫಾಸ್ಫರಸ್. ಗಿಡ ಕಿತ್ತರು, ಅದಕ್ಕೆ ಬರುವ ಊಟ ನಿಲ್ಲಿಸಲಿಲ್ಲ.

"ಗೊತ್ತು ಬಿಡಿ, ಸೋಪಿನ ಪುಡಿಯಿಂದ ಬರೋದು ತಾನೇ?" ಈ ಒಂದು ನಂಬಿಕೆ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ನೋಡಿ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ನೊರೆ ಬರಿಸುವುದು ಸೋಪಿನಲ್ಲಿ ಕೊಳೆ ಬಿಡಿಸುವ ಸರ್ಫ್ಯಾಕ್ಟೆಂಟ್ ಅನ್ನುವ ರಾಸಾಯನಿಕ, ರಂಜಕ ಅಲ್ಲ. ಕೆಲವು ಪುಡಿಗಳಲ್ಲಿ ಫಾಸ್ಫೇಟ್ (ರಂಜಕದ ಲವಣ) ಇರುತ್ತದೆ, ಅದೂ ಕೆರೆ ಸೇರುತ್ತದೆ, ಇಲ್ಲ ಅನ್ನಲ್ಲ. ಆದರೆ ಪುಡಿ ಬದಲಾಯಿಸಿದರೆ ಮುಗೀತು ಅನ್ನುವುದು ತಪ್ಪು. ಯಾಕೆಂದರೆ ರಂಜಕ ನಮ್ಮ ತಟ್ಟೆಯಲ್ಲೇ ಇದೆ. ರಾಗಿ, ಬೇಳೆ, ಹಾಲು, ಮೊಟ್ಟೆ, ಎಲ್ಲದರಲ್ಲೂ. ತಿಂದದ್ದರಲ್ಲಿ ದಿನಕ್ಕೆ ಸುಮಾರು 1 ಗ್ರಾಂ ರಂಜಕ ಒಬ್ಬೊಬ್ಬರ ಮೈಯಿಂದ ಹೊರಗೆ ಹೋಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೂತ್ರದಲ್ಲೇ. 1669ರಲ್ಲಿ ಹ್ಯಾಂಬರ್ಗ್‌ನ ಹೆನ್ನಿಗ್ ಬ್ರಾಂಡ್ ರಂಜಕವನ್ನು ಮೊದಲು ತೆಗೆದದ್ದೂ ಮೂತ್ರ ಕಾಯಿಸಿಯೇ. ಜನ ಕೋಟಿ ದಾಟಿದ ಊರು ನಮ್ಮದು, ನೀವೇ ಗುಣಿಸಿ: ದಿನಕ್ಕೆ 10 ಟನ್!

"ನಮ್ಮ ಅಪಾರ್ಟ್‌ಮೆಂಟಲ್ಲಿ ಎಸ್‌ಟಿಪಿ ಇದೆ, ನೀರು ತಿಳಿಯಾಗೇ ಬರುತ್ತೆ" ಅನ್ನುತ್ತೀರಿ. ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ತಿಳಿಯಾಗಿದ್ದರೆ ರಂಜಕ ಇಲ್ಲ ಅಂತಲ್ಲ. ಸಾಮಾನ್ಯ ಎಸ್‌ಟಿಪಿಯಲ್ಲಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ. ಇಂಗಾಲ, ಸಾರಜನಕ ಗಾಳಿಯಾಗಿ ಹೋಗಬಹುದು, ರಂಜಕ ಹಾಗೆ ಹೋಗಲ್ಲ. ಒಂದಷ್ಟು ಕೆಸರಿನಲ್ಲಿ ಕೂರುತ್ತದೆ, ಅದನ್ನೇ ಹಿಡಿಯಲು ಬೇರೆ ವ್ಯವಸ್ಥೆ ಮಾಡದಿದ್ದರೆ ಉಳಿದದ್ದು ನೀರಿನ ಜೊತೆ ರಾಜಕಾಲುವೆಗೆ. ಕೊಳಚೆ ಪೂರ್ತಿ ನಿಲ್ಲಿಸಿದರೂ ಹಳೇ ಹೂಳು ಸುಮ್ನೆ ಕೂರಲ್ಲ: ತಳದಲ್ಲಿ ಆಮ್ಲಜನಕ ಮುಗಿದಾಗ, ಕಬ್ಬಿಣಕ್ಕೆ ಅಂಟಿಕೊಂಡಿದ್ದ ರಂಜಕ ಮತ್ತೆ ನೀರಿಗೆ ಬಿಡುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ ಹೇಳಲೇಬೇಕು. ಈ ರಂಜಕ ಮೊದಲು ಎಲ್ಲಿತ್ತು? ಬಂಡೆಯಲ್ಲಿ. ಬಂಡೆ ಸವೆದು ಮಣ್ಣಿಗೆ, ಮಣ್ಣಿಂದ ಹೊಳೆಗೆ, ಕಡಲ ತಳಕ್ಕೆ, ಅಲ್ಲಿಂದ ಮತ್ತೆ ನೆಲವಾಗಿ ಏಳಲು ಕೋಟ್ಯಂತರ ವರ್ಷ. ನಾವು ಆ ಬಂಡೆಯನ್ನೇ ಅಗೆದು ಡಿಎಪಿ ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತೇವೆ. ಜಗತ್ತಿನ ಇಂಥ ನಿಕ್ಷೇಪದಲ್ಲಿ ಸುಮಾರು 70% ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ಅಂದರೆ ಹಡಗಿನಲ್ಲಿ ದುಡ್ಡು ಕೊಟ್ಟು ತರಿಸಿದ್ದು ಹೊಲ, ತಟ್ಟೆ, ಯುಜಿಡಿ (ಒಳಚರಂಡಿ) ದಾಟಿ ಬೆಳ್ಳಂದೂರು, ವರ್ತೂರು ಕೆರೆಗೆ, ಆಮೇಲೆ ದಕ್ಷಿಣ ಪಿನಾಕಿನಿ ನದಿಗೆ ಹರಿದು ಹೋಗುತ್ತಿದೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಟ್ಟಲೆ ಕೆರೆ ಗೋಡು, ಅಂದರೆ ಹೂಳು, ಹೊಡೆದು ಹೊಲಕ್ಕೆ ಹಾಕುತ್ತಿದ್ದರು ಅಲ್ವಾ? ಕೆರೆಗೆ ಕೊಚ್ಚಿಬಂದ ರಂಜಕ ಹಾಗೇ ಹೊಲಕ್ಕೆ ವಾಪಸ್ ಹೋಗುತ್ತಿತ್ತು. ಈಗಲೂ ಹಳ್ಳಿ ಕೆರೆಗಳಲ್ಲಿ ಮಾಡಬಹುದು. ಬೆಂಗಳೂರಿನ ಕೊಳಚೆ ಕುಡಿದ ಕೆರೆಯ ಹೂಳಾದರೆ ಸೀಸ, ಕ್ಯಾಡ್ಮಿಯಂನಂಥ ಲೋಹ ಇದೆಯಾ ಅಂತ ಪರೀಕ್ಷೆ ಮಾಡಿಸದೆ ಒಂದು ಬುಟ್ಟಿಯನ್ನೂ ಹೊಲಕ್ಕೆ ಹಾಕಬೇಡಿ.