ನಿರ್ಬಂಧ ಹಾಕಿದರೆ ಬ್ಯಾಂಕಿನ ಮೇಜಿನ ಮೇಲೆ ಏನಾಗುತ್ತದೆ

2022ರ ಮಾರ್ಚ್. ಬೆಳಗ್ಗೆ ಬ್ಯಾಂಕಿನ ಬಾಗಿಲು ತೆರೆಯುತ್ತಿದ್ದ ಹಾಗೇ ಕುಶಾಲನಗರದಿಂದ ಫೋನ್ ಬರುತ್ತಿತ್ತು. "ಮೇಡಂ, ದುಡ್ಡು ಬಂತಾ?" ಆ ರಫ್ತುದಾರರು ಫೆಬ್ರವರಿಯಲ್ಲಿ ರಷ್ಯಾಕ್ಕೆ ಒಂದು ಕಂಟೇನರ್ ರೊಬಸ್ಟಾ ಕಾಫಿ ಕಳಿಸಿದ್ದರು. 60 ಕೆಜಿಯ 320 ಚೀಲ. ಹಡಗು ಹೊರಟ ಮೇಲೆ ಉಕ್ರೇನ್ ಯುದ್ಧ ಶುರುವಾಯಿತು.

ಇನ್ವಾಯ್ಸ್ ಸರಿ ಇತ್ತು, ಹಡಗಿಗೆ ಸರಕು ಹಾಕಿದ್ದಕ್ಕೆ ಕೊಡುವ ರಸೀದಿ, ಬಿಲ್ ಆಫ್ ಲೇಡಿಂಗ್, ಅದೂ ಸರಿ ಇತ್ತು. ಕಾಫಿಗೆ ಯಾರೂ ನಿರ್ಬಂಧ ಹಾಕಿರಲಿಲ್ಲ. ಕೊಂಡವರ ಹೆಸರಾಗಲಿ, ಅವರ ಬ್ಯಾಂಕಿನ ಹೆಸರಾಗಲಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆದರೂ ದುಡ್ಡು ನಡುವಿನ ಒಂದು ವಿದೇಶಿ ಬ್ಯಾಂಕಿನಲ್ಲಿ ನಿಂತುಬಿಟ್ಟಿತ್ತು. ಅಲ್ಲಿಂದ ನಮಗೆ ಪ್ರಶ್ನೆ ಮೇಲೆ ಪ್ರಶ್ನೆ. ಕೊಂಡ ಕಂಪನಿಯ ಅಸಲಿ ಮಾಲೀಕ ಯಾರು? ಸರಕು ಕೊನೆಗೆ ಯಾರ ಕೈ ಸೇರುತ್ತದೆ? ನಾವು ಉತ್ತರ ಕಳಿಸುತ್ತಿದ್ದೆವು, ವಾರ ಬಿಟ್ಟು ಇನ್ನೊಂದು ಪ್ರಶ್ನೆ ಬರುತ್ತಿತ್ತು. ಹಣ ಕೈಗೆ ಬರಲು 11 ವಾರ ಹಿಡಿಯಿತು. "ನಾನು ಕಳಿಸಿದ್ದು ಕಾಫಿ ಬೀಜ ಮೇಡಂ" ಎಂದು ಅವರು ಎಷ್ಟು ಸಲ ಹೇಳಿದರೋ. ಅವರ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬ್ಯಾಂಕಿನ ವಿದೇಶಿ ವ್ಯಾಪಾರ ವಿಭಾಗದಲ್ಲಿ 20 ವರ್ಷಕ್ಕೂ ಜಾಸ್ತಿ ಕೂತಿದ್ದೇನೆ. ವಿದೇಶಾಂಗ ನೀತಿ ಅಂದರೆ ನಾಯಕರು ಕೈ ಕುಲುಕುವ ಫೋಟೋ ಎಂದು ಸುಮಾರು ಜನ ಅಂದುಕೊಂಡಿದ್ದಾರೆ. ನನಗೆ ಅದು ಕಾಣಿಸುವುದು ಪೇಮೆಂಟ್ ಮೆಸೇಜಿನ ಒಂದು ಸಾಲಿನಲ್ಲಿ.

ಕಾಫಿ ದುಡ್ಡು ಯಾಕೆ ನಿಂತಿತು ಅನ್ನುವುದನ್ನೇ ನೋಡಿ. ಬಿಲ್ ಡಾಲರಿನಲ್ಲಿತ್ತು. ರಷ್ಯಾದವರು ಕೊಟ್ಟ ಡಾಲರ್ ನೇರ ಬೆಂಗಳೂರಿಗೆ ಬರುವುದಿಲ್ಲ. ನಮ್ಮ ಬ್ಯಾಂಕಿನ ಡಾಲರ್ ಖಾತೆ ಇರುವುದು ನ್ಯೂಯಾರ್ಕಿನಲ್ಲಿ. ಇದನ್ನು ನಾವು ನಾಸ್ಟ್ರೋ ಖಾತೆ ಅನ್ನುತ್ತೇವೆ. ದುಡ್ಡು ಅಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಬೇಕು. ಆ ಒಂದು ಕ್ಷಣ ಅದು ಅಮೆರಿಕದ ಕಾನೂನಿನ ಕೆಳಗೆ ಬರುತ್ತದೆ. ಅಲ್ಲಿನ ಬ್ಯಾಂಕುಗಳಿಗೆ 2014 ಚೆನ್ನಾಗಿ ನೆನಪಿದೆ. ಸುಡಾನ್, ಇರಾನ್, ಕ್ಯೂಬಾಗಳ ವ್ಯವಹಾರ ಮಾಡಿಕೊಟ್ಟಿದ್ದಕ್ಕೆ ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಆ ವರ್ಷ ಅಮೆರಿಕಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಿತು. ಒಂದು ಕಂಟೇನರ್ ಕಾಫಿಯಿಂದ ಸಿಗುವ ಕಮಿಷನ್ ಎಷ್ಟು, ಆ ದಂಡ ಎಷ್ಟು? ಹಾಗಾಗಿ ಕಾನೂನು ಬೇಡ ಅನ್ನದ ವ್ಯವಹಾರವನ್ನೂ ಬ್ಯಾಂಕು ತಡೆದು ಕೂರುತ್ತದೆ.

ಇನ್ನು ತೈಲದ ವಿಚಾರ. ಇದನ್ನು ನಮ್ಮ ಟಿವಿ ಚರ್ಚೆಗಳಲ್ಲಿ ತಪ್ಪಾಗಿ ಹೇಳಿದಷ್ಟು ಬೇರೆ ಯಾವುದನ್ನೂ ಹೇಳಿಲ್ಲ. ಭಾರತ ಪಶ್ಚಿಮದ ಕಣ್ಣು ತಪ್ಪಿಸಿ ರಷ್ಯಾ ತೈಲ ತಂದಿತು ಎಂದು ಕೆಲವರು. ಪಶ್ಚಿಮಕ್ಕೆ ಸೆಡ್ಡು ಹೊಡೆಯಿತು ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ.

2022ರ ಡಿಸೆಂಬರ್ 5ರಂದು ಜಿ7 ದೇಶಗಳು, ಯುರೋಪ್ ಒಕ್ಕೂಟ ಮತ್ತು ಆಸ್ಟ್ರೇಲಿಯಾ ಒಂದು ನಿಯಮ ತಂದವು. ರಷ್ಯಾದ ಕಚ್ಚಾತೈಲ ಬ್ಯಾರೆಲ್‌ಗೆ 60 ಡಾಲರ್ ಅಥವಾ ಅದಕ್ಕಿಂತ ಕಡಿಮೆಗೆ ಮಾರಾಟವಾದರೆ ಮಾತ್ರ ಪಶ್ಚಿಮದ ಹಡಗು, ವಿಮೆ, ಬ್ಯಾಂಕು ಸಿಗುತ್ತದೆ. ಯುರೋಪು ತಾನು ಸಮುದ್ರದ ಮೂಲಕ ಬರುವ ರಷ್ಯಾ ತೈಲ ಕೊಳ್ಳುವುದನ್ನು ನಿಲ್ಲಿಸಿತು. ಬೇರೆಯವರು ಕೊಳ್ಳಲಿ ಎಂದೇ ಅದರ ಲೆಕ್ಕ. ಜಗತ್ತಿನ ಎರಡನೇ ಅತಿ ದೊಡ್ಡ ರಫ್ತುದಾರ ದೇಶದ ತೈಲ ಪೇಟೆಯಿಂದ ಪೂರಾ ಮಾಯವಾದರೆ ಪ್ಯಾರಿಸ್ಸಿನಲ್ಲೂ ಪೆಟ್ರೋಲ್ ಬೆಲೆ ಏರುತ್ತದೆ, ಅಲ್ವಾ? ತೈಲ ಹರಿಯಬೇಕು, ರಷ್ಯಾದ ಜೇಬಿಗೆ ಹೋಗುವ ದುಡ್ಡು ಕಡಿಮೆಯಾಗಬೇಕು. ಭಾರತ ಬೇಕಾದಷ್ಟು ಕೊಳ್ಳಬಹುದು, ಪಶ್ಚಿಮದ ವಿಮೆ, ಹಡಗು ಬಳಸದಿದ್ದರೆ ಮಿತಿ ಮೀರಿದ ಬೆಲೆಗೂ ಕೊಳ್ಳಬಹುದು ಎಂದು ಆಗಿನ ಅಮೆರಿಕದ ಹಣಕಾಸು ಕಾರ್ಯದರ್ಶಿ ಜಾನೆಟ್ ಯೆಲೆನ್ ಅದಕ್ಕೂ ಮೊದಲೇ, ನವೆಂಬರಿನಲ್ಲಿ, ಬಹಿರಂಗವಾಗಿ ಹೇಳಿದ್ದರು.

ಯುದ್ಧಕ್ಕೆ ಮೊದಲು ನಮ್ಮ ಕಚ್ಚಾತೈಲ ಆಮದಿನಲ್ಲಿ ರಷ್ಯಾದ ಪಾಲು 2%ಕ್ಕಿಂತ ಕಡಿಮೆ. 2023ರ ಹೊತ್ತಿಗೆ ಮೂರನೇ ಒಂದು ಭಾಗ ದಾಟಿತು. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ಗೂ ರಷ್ಯಾದ ತೈಲ ಬಂತು. ನಿಯಮ ಬರೆದವರು ಬಿಟ್ಟ ಬಾಗಿಲಿನಿಂದಲೇ ಅದು ಬಂತು.

ಈ ನಿಯಮದ ಜೀವ ಇದ್ದದ್ದು ವಿಮೆಯಲ್ಲಿ. ಟ್ಯಾಂಕರ್ ಮುಳುಗಿ ತೈಲ ಕಡಲಿಗೆ ಸೋರಿದರೆ ನಷ್ಟ ಕಟ್ಟಿಕೊಡುವ ಪಿ ಅಂಡ್ ಐ ಕ್ಲಬ್‌ಗಳು ಅಂತ ಇವೆ. ಜಗತ್ತಿನ ಸಾಗರ ಹಡಗುಗಳ ಸಾಮರ್ಥ್ಯದಲ್ಲಿ ಸುಮಾರು 90% ಈ ಕ್ಲಬ್‌ಗಳ ಒಂದೇ ಗುಂಪಿನ ಕೆಳಗಿದೆ. ಅದರ ಕಚೇರಿ ಲಂಡನ್ನಿನಲ್ಲಿ. ಈ ವಿಮೆ ಇಲ್ಲದ ಹಡಗನ್ನು ಒಳಗೆ ಬಿಡಲು ಬಂದರುಗಳು ಹಿಂಜರಿಯುತ್ತವೆ. ವಿಮೆ ಬೇಕಾದರೆ ಒಂದು ದೃಢೀಕರಣ ಪತ್ರ ಕೊಡಬೇಕು. ಈ ಸರಕನ್ನು ಮಿತಿಯೊಳಗಿನ ಬೆಲೆಗೇ ಕೊಂಡಿದ್ದೇವೆ ಎನ್ನುವ ನಾಲ್ಕು ಸಾಲು, ಕೆಳಗೆ ಸಹಿ. ಅಷ್ಟೇ. ಬೆಲೆ ನಿಜವೋ ಸುಳ್ಳೋ ಎಂದು ವಿಮೆಯವರು ಕಣ್ಣಾರೆ ನೋಡುವುದಿಲ್ಲ. ಸಾಗಣೆ ಖರ್ಚು ಹೆಚ್ಚು ತೋರಿಸಿ ತೈಲದ ಬೆಲೆ ಕಡಿಮೆ ತೋರಿಸುವುದು ಲೆಕ್ಕ ಬರೆಯುವವರಿಗೆ ಕಷ್ಟದ ಕೆಲಸವಲ್ಲ. ಜೊತೆಗೆ ರಷ್ಯಾ ಹಳೇ ಟ್ಯಾಂಕರ್‌ಗಳನ್ನು ಒಟ್ಟುಮಾಡಿಕೊಂಡಿತು. ಮಾಲೀಕ ಯಾರೆಂದು ಗೊತ್ತಾಗದ, ಧ್ವಜ ಬದಲಿಸುತ್ತಲೇ ಇರುವ ಹಡಗುಗಳು. ಅವಕ್ಕೆ ಲಂಡನ್ನಿನ ಹಂಗೇ ಇಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನಿರ್ಬಂಧವೇ ತಪ್ಪು ಎಂದು ನನ್ನ ವಾದವಲ್ಲ. ಪಕ್ಕದ ದೇಶದ ಮೇಲೆ ದಂಡೆತ್ತಿ ಹೋದವರು ಅದಕ್ಕೆ ಬೆಲೆ ತೆರಬೇಕು. ಗುಂಡು ಹಾರಿಸದೆ ತೆರಿಸುವ ದಾರಿ ಇದ್ದರೆ ಅದು ಒಳ್ಳೆಯದೇ. 60 ಡಾಲರಿನ ನಿಯಮದಲ್ಲಿ ಎಷ್ಟೇ ತೂತು ಇದ್ದರೂ ಒಂದು ಗುಣ ಇತ್ತು. ಅದು ಬರವಣಿಗೆಯಲ್ಲಿತ್ತು, ಎಲ್ಲರಿಗೂ ಒಂದೇ ಆಗಿತ್ತು. ವಾಷಿಂಗ್ಟನ್, ಬ್ರಸೆಲ್ಸ್, ಲಂಡನ್ ಒಂದೇ ಮಾತಾಡುತ್ತಿದ್ದವು. ಗ್ರಾಹಕರಿಗೆ ನಾನು ಧೈರ್ಯವಾಗಿ "ಇದು ಆಗುತ್ತದೆ, ಇದು ಆಗಲ್ಲ" ಎನ್ನಬಹುದಿತ್ತು.

2025ರಲ್ಲಿ ಆ ಧೈರ್ಯ ಹೋಯಿತು. ಜುಲೈ 18ರಂದು ಯುರೋಪ್ ಒಕ್ಕೂಟ ಮಿತಿಯನ್ನು 47.60 ಡಾಲರಿಗೆ ಇಳಿಸಿತು, ಸೆಪ್ಟೆಂಬರ್ 3ರಿಂದ ಅದು ಜಾರಿಗೆ ಬಂತು. ಬ್ರಿಟನ್ ಜೊತೆಗೆ ಬಂತು. ಅಮೆರಿಕ ಬರಲಿಲ್ಲ, 60ರಲ್ಲೇ ಉಳಿಯಿತು. ಅದೇ ಜುಲೈ 18ರ ಆದೇಶದಲ್ಲಿ ಗುಜರಾತಿನ ವಾಡಿನಾರ್‌ನಲ್ಲಿರುವ ತೈಲ ಸಂಸ್ಕರಣಾ ಕಂಪನಿ ನಯಾರಾ ಎನರ್ಜಿ ಯುರೋಪಿನ ನಿರ್ಬಂಧ ಪಟ್ಟಿ ಸೇರಿತು. ಅದರಲ್ಲಿ ರಷ್ಯಾದ ತೈಲ ಕಂಪನಿ ರೋಸ್ನೆಫ್ಟ್‌ಗೆ 49% ಪಾಲಿದೆ. ಕೆಲವೇ ದಿನಕ್ಕೆ ಆ ಕಂಪನಿಗೆ ಮೈಕ್ರೋಸಾಫ್ಟ್ ಸೇವೆ ನಿಂತಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು, ಆಮೇಲೆ ಸೇವೆ ಮರಳಿತು. ತೈಲದ ಮೇಲಿನ ಆದೇಶ ನಮ್ಮ ನೆಲದ ಒಂದು ಕಚೇರಿಯ ಇಮೇಲ್‌ವರೆಗೆ ಬಂದದ್ದನ್ನು ನೋಡಿ ನಮ್ಮ ವಿಭಾಗದಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ.

ಅಮೆರಿಕ ಬೇರೆಯದೇ ದಾರಿ ಹಿಡಿಯಿತು. ರಷ್ಯಾ ತೈಲ ಕೊಳ್ಳುತ್ತೀರಿ ಎಂಬ ಕಾರಣ ಕೊಟ್ಟು ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಇನ್ನೂ 25% ಸುಂಕ ಸೇರಿಸಿತು. ಒಟ್ಟು 50% ಆಯಿತು. ಮೂರು ವರ್ಷದ ಹಿಂದೆ ಕೊಳ್ಳಿ ಎಂದಿದ್ದ ದೇಶವೇ ಕೊಂಡಿದ್ದಕ್ಕೆ ದಂಡ ಹಾಕಿತು. ದಂಡ ಬಿದ್ದದ್ದು ತೈಲ ತಂದವರ ಮೇಲಲ್ಲ, ಸೀಗಡಿ, ಬಟ್ಟೆ, ವಜ್ರ ಕಳಿಸುವವರ ಮೇಲೆ. ಅಕ್ಟೋಬರ್ 22ರಂದು ರಷ್ಯಾದ ತೈಲ ಕಂಪನಿಗಳಾದ ರೋಸ್ನೆಫ್ಟ್, ಲುಕಾಯಿಲ್ ಎರಡನ್ನೂ ಅಮೆರಿಕ ನೇರ ಪಟ್ಟಿಗೆ ಹಾಕಿತು. ಪಟ್ಟಿಗೆ ಹಾಕುವುದು ಮುಂಚೆಯೂ ಇತ್ತು. ಆದರೆ ಬೇರೆ ದೇಶಕ್ಕೆ ಹೇಳಿ, ಕೇಳಿ, ಒಪ್ಪಿಸಿ ಮಾಡುವ ಕೆಲಸ ಕಡಿಮೆಯಾಗಿದೆ.

ಹಾಗಾದರೆ ಡಾಲರ್ ಬಿಟ್ಟರಾಯಿತು ಎಂದು ಸಲೀಸಾಗಿ ಹೇಳುವವರಿದ್ದಾರೆ. ಯುರೋಪೇ ಅದನ್ನು ಮಾಡಿ ನೋಡಿದೆ. 2018ರಲ್ಲಿ ಟ್ರಂಪ್ ಇರಾನ್ ಅಣು ಒಪ್ಪಂದದಿಂದ ಹೊರಬಂದಾಗ ಫ್ರಾನ್ಸ್, ಜರ್ಮನಿ, ಬ್ರಿಟನ್ ಸೇರಿ 2019ರ ಜನವರಿಯಲ್ಲಿ ಇನ್‌ಸ್ಟೆಕ್ಸ್ ಎಂಬ ಸಂಸ್ಥೆ ಕಟ್ಟಿದವು. ಡಾಲರ್ ಮುಟ್ಟದೆ ಇರಾನ್ ಜೊತೆ ವ್ಯಾಪಾರ ಮಾಡುವುದು ಉದ್ದೇಶ. ಅದರಲ್ಲಿ ನಡೆದದ್ದು ಒಂದೇ ಒಂದು ವ್ಯವಹಾರ, ವೈದ್ಯಕೀಯ ಸಾಮಗ್ರಿಯದ್ದು. 2023ರಲ್ಲಿ ಮುಚ್ಚಿದರು. ನಾವೂ ಇರಾನ್ ತೈಲ ತರುವುದನ್ನು 2019ರ ಮೇ ತಿಂಗಳಲ್ಲಿ ನಿಲ್ಲಿಸಿದೆವು.

ರೂಪಾಯಿ ದಾರಿಗೆ ರಿಸರ್ವ್ ಬ್ಯಾಂಕ್ 2022ರ ಜುಲೈ 11ರಂದು ಬಾಗಿಲು ತೆರೆಯಿತು. ರಷ್ಯಾ ಬ್ಯಾಂಕುಗಳು ಇಲ್ಲಿನ ಬ್ಯಾಂಕುಗಳಲ್ಲಿ ವೋಸ್ಟ್ರೋ ಖಾತೆ, ಅಂದರೆ ತಮ್ಮ ರೂಪಾಯಿ ಖಾತೆ, ತೆರೆದವು. ತೊಡಕು ಏನೆಂದರೆ ನಾವು ಅವರಿಂದ ತರುವುದು ಬೆಟ್ಟದಷ್ಟು, ಅವರಿಗೆ ಮಾರುವುದು ಹಿಡಿಯಷ್ಟು. ಭಾರತೀಯ ಬ್ಯಾಂಕುಗಳಲ್ಲಿ ತಮ್ಮ ಶತಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಬಳಸಲು ಆಗುತ್ತಿಲ್ಲ ಎಂದು ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ 2023ರ ಮೇ ತಿಂಗಳಲ್ಲಿ ಗೋವಾದಲ್ಲೇ ಹೇಳಿದರು. ಆದರೆ ಕಾಫಿ ಕಳಿಸುವವರಿಗೆ ಅದೇ ರೂಪಾಯಿ ಕೆಲಸಕ್ಕೆ ಬರುತ್ತದೆ. ರೂಪಾಯಿಯಲ್ಲಿ ಬಿಲ್ ಮಾಡಿದರೆ ಅವರ ದುಡ್ಡು ಬರಬೇಕಾದದ್ದು ಆ ಖಾತೆಗಳಿಂದಲೇ.

ಕುಶಾಲನಗರದವರು ಈಗ ಫೋನ್ ಮಾಡುವುದು ಕಂಟೇನರ್ ತುಂಬುವ ಮೊದಲು. ನಾನು ಮೂರು ವಿಷಯ ಕೇಳುತ್ತೇನೆ: ಕೊಳ್ಳುವವರ ಬ್ಯಾಂಕ್ ಯಾವುದು, ಹಡಗನ್ನು ಗುರುತಿಸುವ ಏಳು ಅಂಕಿಯ ಐಎಂಒ ಸಂಖ್ಯೆ ಏನು, ಬಿಲ್ ಯಾವ ಹಣದಲ್ಲಿ. ಅಮೆರಿಕ, ಯುರೋಪ್, ಬ್ರಿಟನ್ ಮೂರೂ ಪಟ್ಟಿ ಬೇರೆ ಬೇರೆ ತೆರೆದು ನೋಡುತ್ತೇನೆ. ಮೊದಲು ಒಂದರಲ್ಲಿ ಇದ್ದದ್ದು ಸಾಮಾನ್ಯವಾಗಿ ಉಳಿದೆರಡರಲ್ಲೂ ಬರುತ್ತಿತ್ತು. ಈಗ ಹಾಗೆ ನಂಬಲು ಆಗುವುದಿಲ್ಲ. ಕಳೆದ ಸಲ ಬಿಲ್ ರೂಪಾಯಿಯಲ್ಲೇ ಮಾಡಿದರು. ಒಂಬತ್ತನೇ ದಿನಕ್ಕೆ ದುಡ್ಡು ಬಂತು.