ಒಬ್ಬರು ಸಿಕ್ಕಿಬಿದ್ದರೂ ಲಂಚದ ರೇಟು ಯಾಕೆ ಇಳಿಯಲ್ಲ?

ಪ್ರಶ್ನೆ: ಲಂಚ ತಗೊಳ್ಳುವಾಗ ಅಧಿಕಾರಿ ಸಿಕ್ಕಿಬೀಳುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ತಿಂಗಳು ಬಿಟ್ಟು ಹೋದರೆ ಅದೇ ಟೇಬಲ್, ಬೇರೆ ಮನುಷ್ಯ, ಅದೇ ರೇಟು. ಇದು ಹೇಗೆ?

ಉತ್ತರ: ನೀವೇ ಹೇಳಿದ್ದೀರಲ್ಲ, ಟೇಬಲ್ ಅದೇ ಅಂತ. ರೇಟು ಅಂಟಿಕೊಂಡಿರುವುದು ಆ ಟೇಬಲ್ಲಿಗೇ.

"ಒಳ್ಳೆ ಪೋಸ್ಟಿಂಗ್" ಅನ್ನುವ ಮಾತು ಕೇಳಿರುತ್ತೀರಿ. ಅಂಥ ಜಾಗಕ್ಕೆ ದುಡ್ಡು ಕೊಟ್ಟು ಬಂದವರು ಮೊದಲ ದಿನದಿಂದಲೇ ಬಡ್ಡಿ ಲೆಕ್ಕ ಹಾಕುತ್ತಿರುತ್ತಾರೆ, ಎತ್ತಂಗಡಿ ಯಾವಾಗಲೋ ಗೊತ್ತಿಲ್ಲ, ಅಷ್ಟರಲ್ಲಿ ವಸೂಲಿ ಮುಗಿಯಬೇಕು. ಇದೇನು ಹೊಸದಲ್ಲ. ದಕ್ಷಿಣ ಭಾರತದ ನೀರಾವರಿ ಕಾಲುವೆಗಳನ್ನು ನೋಡಿದ ರಾಬರ್ಟ್ ವೇಡ್ ಎಂಬ ಸಂಶೋಧಕರು 1982ರಲ್ಲೇ ಬರೆದಿದ್ದರು: ಇಂಜಿನಿಯರುಗಳು ವರ್ಗಾವಣೆಗೆ ಮೇಲಕ್ಕೆ ದುಡ್ಡು ಕೊಡುತ್ತಾರೆ, ಅದನ್ನು ಗುತ್ತಿಗೆದಾರರಿಂದ, ನೀರು ಬೇಕಾದ ರೈತರಿಂದ ಎತ್ತುತ್ತಾರೆ. ಇಂಥ ಕಡೆ ಪ್ರಾಮಾಣಿಕರು ತಮ್ಮ ಪಾಡಿಗೆ ಸುಮ್ನೆ ಇದ್ದರೂ ಕಷ್ಟ. ಮೇಲೆ ಹೋಗಬೇಕಾದ ಪಾಲು ಅವರ ಟೇಬಲ್ಲಿನಲ್ಲೇ ನಿಂತುಬಿಡುತ್ತದಲ್ಲ!

ಬಳ್ಳಾರಿ ಗಣಿಗಾರಿಕೆಯನ್ನೇ ನೋಡಿ. ಕಳ್ಳ ಅದಿರಿನ ಲಾರಿ ಬಂದರು ಮುಟ್ಟಬೇಕಾದರೆ ಗಣಿ, ಅರಣ್ಯ, ಸಾರಿಗೆ, ಪೊಲೀಸ್, ಇಷ್ಟೂ ಇಲಾಖೆ ದಾಟಬೇಕು. ಒಬ್ಬ ಕೆಟ್ಟವನಿಂದ ಆಗುವ ಕೆಲಸವೇ ಅಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿಯಲ್ಲಿ ನೂರಾರು ಅಧಿಕಾರಿಗಳ ಹೆಸರಿತ್ತು, ಸರ್ಕಾರಕ್ಕಾದ ನಷ್ಟ ₹16,085 ಕೋಟಿ ಅಂತ ಲೆಕ್ಕವಿತ್ತು. ಮುಂದೆ 2015ರಲ್ಲಿ ಲೋಕಾಯುಕ್ತ ಸಂಸ್ಥೆಯೊಳಗೇ ಸುಲಿಗೆಯ ಆರೋಪ ಕೇಳಿಬಂತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಬಂತು, 2022ರಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಕಾವಲುಗಾರರು ಹೀಗೆ ಬದಲಾಗುತ್ತಿದ್ದರೆ ಒಳಗಿನವರಿಗೆ ಕಾಯುವುದೊಂದೇ ಕೆಲಸ.

ಕಂಪ್ಯೂಟರ್ ಬಂದರೆ ಸರಿಹೋಗುತ್ತದಾ? ಸ್ವಲ್ಪ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬಂದ ಮೇಲೆ ಪಹಣಿ ಪ್ರತಿಗೆ ಮೊದಲಿನಷ್ಟು ಅಲೆಯಬೇಕಿಲ್ಲ, ಅದು ನಿಜವಾಗಿ ದೊಡ್ಡ ಬದಲಾವಣೆ. ಆದರೆ ಖಾತೆ ಬದಲಾವಣೆಗೆ ಎಷ್ಟೋ ಸಲ ಈಗಲೂ ಒಬ್ಬ ಅಧಿಕಾರಿ ಒಪ್ಪಬೇಕು. ಅವರು ಎಷ್ಟು ದಿನ ತಡ ಮಾಡಬಲ್ಲರು ಅನ್ನುವುದರ ಮೇಲೆ ರೇಟು. "ಕೊಟ್ಟು ಮುಗಿಸಪ್ಪ, ಎಷ್ಟು ಸಲ ಓಡಾಡ್ತೀಯ" ಅಂತ ಮನೆಯವರೇ ಹೇಳುತ್ತಾರೆ, ಅಲ್ವಾ?

ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಆರನೇ ದಿನ ದೂರು ಕೊಟ್ಟು, ಎಂಟನೇ ದಿನ ಇನ್ನೊಂದು ಕೆಲಸಕ್ಕೆ ಅದೇ ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ಎಷ್ಟು ಜನಕ್ಕಿದೆ, ನೀವೇ ಹೇಳಿ.