ಅಕ್ಕಿ ಪುಕ್ಕಟೆ, ಆಟೋ ಬಾಡಿಗೆ ಯಾರು ಕೊಡುವುದು?

ಕೇರಳದಲ್ಲಿ ಅತಿ ಬಡವರಿಗೆ ಕೊಡುವ ಹಳದಿ ರೇಷನ್ ಕಾರ್ಡಿನ ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ, ಬಹುಪಾಲು ಪುಕ್ಕಟೆ. ಅದನ್ನು ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಅಥವಾ ಪೈವಳಿಕೆಯ ಗುಡ್ಡದ ಮೇಲಿನ ಮನೆಗೆ ಮುಟ್ಟಿಸಲು ತಲೆಹೊರೆ ಹೊರುವ ಶಕ್ತಿ ಬೇಕು, ಇಲ್ಲವೇ ಆಟೋ ಬಾಡಿಗೆಗೆ ದುಡ್ಡು ಬೇಕು. ಒಂಟಿ ಅಜ್ಜಿಯ ಹತ್ತಿರ ಎರಡೂ ಇಲ್ಲದಿದ್ದರೆ? ಕಾಸರಗೋಡಿನ ಹಸಿವಿನ ಕತೆಯಲ್ಲಿ ನನಗೆ ಜಾಸ್ತಿ ಕಾಡುವುದು ಈ ಕೊನೆಯ ಒಂದೆರಡು ಕಿಲೋಮೀಟರ್.

ಹಿಂದೆ ಹಸಿವಿಗೆ ಒಂದು ತಿಂಗಳೇ ಇತ್ತು, ತುಳುವರ ಮಳೆಗಾಲದ ತಿಂಗಳು ಆಟಿ. ಮಳೆ ಬಿಡುತ್ತಿರಲಿಲ್ಲ, ಕೂಲಿ ಸಿಗುತ್ತಿರಲಿಲ್ಲ, ಹುಲ್ಲಿನ ಮುಡಿಯಲ್ಲಿ ಕಟ್ಟಿಟ್ಟ ಅಕ್ಕಿ ಮುಗಿದಿರುತ್ತಿತ್ತು. ತಜಂಕು ಸೊಪ್ಪು, ಕೆಸುವಿನೆಲೆ, ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೂಡಿಟ್ಟ ಹಲಸಿನ ಬೀಜ. ಇವು ಗಂಜಿಯ ಜೊತೆಗೆ, ಎಷ್ಟೋ ಸಲ ಗಂಜಿಯ ಬದಲಿಗೆ. ಈಗ ಆಟಿ ತಿನಿಸುಗಳ ಕೂಟ ಮಾಡುತ್ತೇವೆ, ಒಳ್ಳೆಯದೇ. ಅವು ಅಕ್ಕಿಯಿಲ್ಲದ ಅಡುಗೆಮನೆಯಲ್ಲಿ ಹುಟ್ಟಿದವು ಎಂದು ಮಕ್ಕಳಿಗೆ ಹೇಳಬೇಕು, ಅಲ್ವಾ?

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ತನಗೆ ಬೇಕಾದಷ್ಟು ಅಕ್ಕಿ ಬೆಳೆಯದ ರಾಜ್ಯ ಅದು. 1960ರ ದಶಕದ ಮಧ್ಯದಲ್ಲಿ ಅಕ್ಕಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಲು ನಿರ್ಬಂಧ ಬಂದಾಗ ಕಷ್ಟ ಬಿಗಿಯಾಯಿತು. ಆಗ ಗಟ್ಟಿಯಾಗಿ ಬೇರೂರಿದ್ದೇ ರೇಷನ್ ಅಂಗಡಿ. ಬಡವ, ಬಲ್ಲಿದ ಎನ್ನದೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಸಾಲಲ್ಲಿ ನಿಂತರು. 1997ರಲ್ಲಿ ಕೇಂದ್ರ ಸರ್ಕಾರ ಬಡತನದ ಗೆರೆ ಎಳೆದು ಆ ಸಾಲನ್ನು ಎರಡು ಮಾಡಿತು. ಅದು ತಪ್ಪು ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಗೆರೆಯ ಆಚೆ ಬಿದ್ದ ಬಡವರು ಎಷ್ಟೋ ಮಂದಿ. ಹಳದಿ, ಗುಲಾಬಿ, ನೀಲಿ, ಬಿಳಿ ಕಾರ್ಡುಗಳು ಬಂದದ್ದು ಆಮೇಲೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿತು. ಆಗ ಪಂಚಾಯತುಗಳು ಸಮುದಾಯ ಅಡುಗೆಮನೆ ತೆರೆದವು. ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರು ಬೇಯಿಸಿದರು, ವಾರ್ಡಿನ ಹುಡುಗರು ಪೊಟ್ಟಣ ಹಿಡಿದು ಮನೆಮನೆಗೆ ಹೋದರು. ಊಟವೇ ಮನೆಗೆ ಬರಬಹುದು ಎಂದು ಊರು ಕಣ್ಣಾರೆ ಕಂಡಿತು. ಅದೇ ವರ್ಷ 20 ರೂಪಾಯಿ ಊಟದ ಜನಕೀಯ ಹೋಟೆಲುಗಳೂ ಬಂದವು. 2023ರಲ್ಲಿ ಸರ್ಕಾರ ಊಟಕ್ಕೆ ಕೊಡುತ್ತಿದ್ದ 10 ರೂಪಾಯಿ ಸಬ್ಸಿಡಿ ನಿಂತು, ಬೆಲೆ 30ಕ್ಕೆ ಏರಿತು. ನಡೆಸುವವರಿಗೂ ಉಣ್ಣುವವರಿಗೂ ಅದು ಪೆಟ್ಟು.

ಈ ನಡುವೆ ದೂರದ ಬುಡಕಟ್ಟು ಊರುಗಳಿಗೆ ರೇಷನ್ ಅಂಗಡಿಯನ್ನೇ ವಾಹನದಲ್ಲಿ ಕಳುಹಿಸುವ ಕೆಲಸವನ್ನು ಕೇರಳ ಶುರುಮಾಡಿತು. ಕೊರಗರಂಥವರಿಗೆ ಅಕ್ಕಿಯೇ ನಡೆದು ಬರುವುದು ಸಣ್ಣ ಸಂಗತಿಯಲ್ಲ. ರೇಷನ್ನಿಗಾಗಿ ಒಂದು ದಿನದ ಕೂಲಿ ಬಿಡುವುದು ತಪ್ಪುತ್ತದೆ.

ಆದರೂ ಹಾಸಿಗೆ ಹಿಡಿದವರ ಮನೆಯಲ್ಲಿ ಅಕ್ಕಿ ಇದ್ದರೂ ಬೇಯಿಸುವವರಿಲ್ಲ. ಅತಿ ಬಡತನ ನಿವಾರಣೆ ಯೋಜನೆಯಲ್ಲಿ ರಾಜ್ಯ ಗುರುತಿಸಿದ 64,006 ಕುಟುಂಬಗಳಲ್ಲಿ ಇಂಥವರಿಗೆ ಬೇಯಿಸಿದ ಊಟವನ್ನೇ ಮುಟ್ಟಿಸುವ ಏರ್ಪಾಡು ಬಂತು. 2025ರ ನವೆಂಬರ್ 1ರಂದು ಅತಿ ಬಡತನ ಮುಗಿಯಿತು ಎಂದು ಸರ್ಕಾರ ಘೋಷಿಸಿದೆ. ಆ ಊಟ ಮಾತ್ರ ಹೋಗುತ್ತಲೇ ಇರಬೇಕು. ಅದಕ್ಕೆ ದುಡ್ಡು ತೆಗೆದಿಡಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ.